ನೋಡದ ಚೀಟಿ

‘ಮೇಜಿಗೆ ಕೂರುವವರಿಗೆ’ ಎಂಬ ಹನ್ನೆರಡು ಪುಟದ ಪುಸ್ತಿಕೆಯನ್ನು ಬರೆದವಳು ಮಂದಾಕಿನಿ. ಅದರ ಮೇಲೆ ಅವಳ ಹೆಸರಿರಲಿಲ್ಲ, ಅವಳು ಕೆಲಸ ಮಾಡುತ್ತಿದ್ದ ‘ಅಂಗಕೃಷಿ ಕೇಂದ್ರ, ಹುಬ್ಬಳ್ಳಿ’ಯ ಹೆಸರಷ್ಟೇ ಇತ್ತು. ಸರಕಾರಿ ಪುಸ್ತಿಕೆಗಳನ್ನು ಯಾರೂ ಓದುವುದಿಲ್ಲ ಎಂಬ ಮಾತು ಇದರ ಮಟ್ಟಿಗೆ ಸುಳ್ಳಾಗಿತ್ತು. ಸುತ್ತಲಿನ ಮೂರು ಜಿಲ್ಲೆಗಳಲ್ಲಿ ಕಿಡ್ನಿ ಕೆಟ್ಟವರಿದ್ದ ಮನೆಗಳಲ್ಲೆಲ್ಲ ಅದು ದೇವರ ಜಗಲಿಯ ಮೇಲೆ ಇರುತ್ತಿತ್ತು. ಜನ ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು.

ಕೇಂದ್ರದ ನೆಲಮಾಳಿಗೆಯಲ್ಲಿ ಗಾಜಿನ ತೊಟ್ಟಿಗಳಿದ್ದವು. ಉಗುರುಬೆಚ್ಚಗಿನ ದ್ರವದಲ್ಲಿ ಜೀವಕೋಶಗಳಿಂದ ಮೂತ್ರಪಿಂಡಗಳನ್ನು ಅಲ್ಲಿ ಬೆಳೆಸುತ್ತಿದ್ದರು. ಹತ್ತು ಹಾಕಿದರೆ ಒಂಬತ್ತು ಕೊಳೆಯುತ್ತಿದ್ದವು. ವಾರಕ್ಕೆ ಮೂರು ಕೈಗೆ ಹತ್ತಿದರೆ ಪುಣ್ಯ, ಕಾಯುವವರು ಮಾತ್ರ ಯಾವಾಗಲೂ ನೂರಿಪ್ಪತ್ತಕ್ಕೆ ಕಡಿಮೆ ಇರುತ್ತಿರಲಿಲ್ಲ. ಒಂದು ಕಿಡ್ನಿ ಯಾವ ರೋಗಿಗೆ ಎಷ್ಟು ಹೊಂದುತ್ತದೆ ಎಂದು ಯಂತ್ರ ಒಂದರಿಂದ ನೂರರೊಳಗಿನ ಅಂಕಿ ಕೊಡುತ್ತಿತ್ತು. ಮೊದಮೊದಲು ಹೆಚ್ಚು ಅಂಕಿಯವರಿಗೇ ಕಿಡ್ನಿ ಸಿಗುತ್ತಿತ್ತು. ಆಗ ಅಪರೂಪದ ರಕ್ತದವರು ಕೋರ್ಟಿಗೆ ಹೋದರು. ನಮ್ಮ ಅಂಕಿ ಎಂದೂ ಮೇಲೇಳುವುದಿಲ್ಲ, ಹಾಗಾದರೆ ನಾವು ಕಾಯುವುದು ಯಾತಕ್ಕೆ ಎಂದು ಕೇಳಿದರು. ಅಂಕಿಯ ಜೊತೆಗೆ ಅವರವರ ಅಗತ್ಯಕ್ಕೂ ಧೈರ್ಯಕ್ಕೂ ಬೆಲೆ ಕೊಡಿ ಎಂದು ತೀರ್ಪು ಬಂತು. ಅಗತ್ಯವನ್ನು ಅಳೆಯುವ ಯಂತ್ರ ಯಾರ ಬಳಿಯೂ ಇರಲಿಲ್ಲ. ಆಗ ಮೇಲಿನ ಯಾರೋ ಬುದ್ಧಿವಂತರಿಗೆ ಪೋಕರ್ ಎಂಬ ಇಸ್ಪೀಟಾಟ ನೆನಪಾಯಿತು.

ಹೀಗೆ ಹುಟ್ಟಿದ್ದು ಮೇಜು. ಸರದಿಯ ಪ್ರಕಾರ ನಾಲ್ಕು ಮನೆಯವರನ್ನು ಕರೆಯುತ್ತಿದ್ದರು. ಒಬ್ಬೊಬ್ಬರಿಗೂ ತಮ್ಮ ರೋಗಿಯ ಅಂಕಿ ಬರೆದ ಮಡಿಸಿದ ಚೀಟಿ ಸಿಗುತ್ತಿತ್ತು. ಉಳಿದವರ ಅಂಕಿ ಗೊತ್ತಾಗುತ್ತಿರಲಿಲ್ಲ. ಪಣಕ್ಕೆ ಹಣವಿಲ್ಲ, ಡಯಾಲಿಸಿಸ್ ಇತ್ತು. ಹೆಸರು ಬರೆಸಿದಾಗ ಪ್ರತಿ ರೋಗಿಗೂ ನೂರು ಡಯಾಲಿಸಿಸ್ ಕೊಡುತ್ತಿದ್ದರು. ವಾರಕ್ಕೆ ಎರಡರಂತೆ ಅದು ಐವತ್ತು ವಾರದ ಜೀವ. ಅದರಲ್ಲೇ ತೆಗೆದು ಮೇಜಿನ ಮೇಲೆ ಇಡಬೇಕು. ಉಳಿದವರೆಲ್ಲ ಎದ್ದುಹೋದರೆ ಕೊನೆಗೆ ಕೂತವರಿಗೆ ಕಿಡ್ನಿ, ಒಬ್ಬರಿಗಿಂತ ಹೆಚ್ಚು ಜನ ಉಳಿದರೆ ಚೀಟಿ ಬಿಚ್ಚಿ ದೊಡ್ಡ ಅಂಕಿಯವರಿಗೆ. ಸೋತವರು ಇಟ್ಟದ್ದು ಕೇಂದ್ರಕ್ಕೆ ಹೋಗುತ್ತಿತ್ತು. ಗೆದ್ದವರಿಗೆ ಇನ್ನು ಯಾಕೆ ಬೇಕು ಎಂದು ಅವರಲ್ಲಿ ಉಳಿದದ್ದೂ ಕೇಂದ್ರಕ್ಕೇ ಹೋಗುತ್ತಿತ್ತು. ಹೊರಗೆ ಮಾಡಿಸೋಣವೆಂದರೆ, ರಕ್ತ ಸೋಸುವ ಶೋಧಕಗಳು ಸಿಗದೆ ಖಾಸಗಿ ಯಂತ್ರಗಳೆಲ್ಲ ನಿಂತು ಆರು ವರ್ಷವಾಗಿತ್ತು. ಮೇಜಿನ ಈ ಆಟದಲ್ಲಿ ಎಂದೂ ಸೋಲದ ಆಟಗಾರ ಕೇಂದ್ರ ಒಂದೇ ಎಂದು ಮಂದಾಕಿನಿಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಗೊತ್ತಾದದ್ದನ್ನು ಪುಸ್ತಿಕೆಯಲ್ಲಿ ಬರೆಯಲಿಲ್ಲ.

ಮೊದಲ ವರ್ಷ ಒಂದು ಅನಾಹುತವಾಗಿತ್ತು. ಎಂಟು ಅಂಕಿ ಬಂದ ರೋಗಿಯೊಬ್ಬರು ತಾವೇ ಮೇಜಿಗೆ ಕೂತು, ಗಟ್ಟಿ ಮುಖ ಮಾಡಿ ಪಣ ಏರಿಸುತ್ತ ಹೋಗಿ, ಮಿಕ್ಕವರನ್ನು ಹೆದರಿಸಿ ಎಬ್ಬಿಸಿ, ಗೆದ್ದ ಕಿಡ್ನಿಯನ್ನು ಹತ್ತು ದಿನದಲ್ಲಿ ಮೈಯೊಳಗೇ ಕೊಳೆಯಿಸಿಕೊಂಡು ಸತ್ತರು. ಆಮೇಲೆ ನಾಡಿದೀಪಗಳು ಬಂದವು. ಮಣಿಕಟ್ಟಿಗೆ ಒಂದು ಪಟ್ಟಿ, ಮುಂದೆ ಎಲ್ಲರಿಗೂ ಕಾಣುವ ಒಂದು ಪುಟ್ಟ ದೀಪ. ಚೀಟಿ ನೋಡಿದ ಗಳಿಗೆಯಲ್ಲಿ ಎದೆ ಹೇಗೆ ಹೊಡೆದುಕೊಂಡಿತು ಎಂಬುದನ್ನು ಪಟ್ಟಿ ಹಿಡಿದಿಟ್ಟುಕೊಳ್ಳುತ್ತಿತ್ತು. ಪಣ ಏರಿಸುವಾಗಲೆಲ್ಲ ಅದರ ಜೊತೆ ಹೋಲಿಸಿ ನೋಡುತ್ತಿತ್ತು. ಕೈಯಲ್ಲಿ ಏನೂ ಇಲ್ಲದೆ ಏರಿಸಿದರೆ ದೀಪ ಕೆಂಪಾಗುತ್ತಿತ್ತು, ಇದ್ದು ಏರಿಸಿದರೆ ಹಸಿರು. ಇನ್ನು ಮೇಲೆ ಸುಳ್ಳಾಟ ನಡೆಯುವುದಿಲ್ಲ ಎಂದು ಎಲ್ಲರಿಗೂ ನೆಮ್ಮದಿಯಾಯಿತು.

ಮಂದಾಕಿನಿಯ ತಾಯಿ ಬಸಲಿಂಗವ್ವ ಆ ನೂರಿಪ್ಪತ್ತು ಮಂದಿಯಲ್ಲಿ ಒಬ್ಬಳು, ಅದೂ ಅಪರೂಪದ ರಕ್ತದವಳು. ಮೂರು ಸಲ ಕರೆ ಬಂದಿತ್ತು, ಮೂರು ಸಲವೂ ತಂದೆ ಅಡಿವೆಪ್ಪ ಹೋಗಿ ಕೂತಿದ್ದ. ಬಂದ ಅಂಕಿ ಒಂಬತ್ತು, ಹನ್ನೊಂದು, ಆರು. ಮೂವತ್ತರ ಕೆಳಗಿದ್ದರೆ ತಕ್ಷಣ ಏಳಿ ಎಂಬುದು ಪುಸ್ತಿಕೆಯ ಮೊದಲ ಮಾತು. ಅಡಿವೆಪ್ಪ ಮೂರು ಸಲವೂ ಕೂತದ್ದಕ್ಕೆ ಎರಡು ಡಯಾಲಿಸಿಸ್ ತೆತ್ತು ಎದ್ದು ಬಂದಿದ್ದ. ಈಗ ಉಳಿದಿದ್ದು ಇಪ್ಪತ್ತೆರಡು, ಅಂದರೆ ಹನ್ನೊಂದು ವಾರ. ನಾಲ್ಕನೆಯ ಕರೆ ಬಂದಿತ್ತು.

ಅಡಿವೆಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ಮೂವತ್ತೈದು ವರ್ಷ ಹಸಿರು ಕೆಂಪು ಬಾವುಟ ಬೀಸಿ ನಿವೃತ್ತನಾದವನು. ಸಂಜೆಯಾದರೆ ರೈಲ್ವೆ ಕಾಲನಿಯ ಕ್ಲಬ್ಬಿನಲ್ಲಿ ಮೂರೆಲೆ ಇಸ್ಪೀಟು ಆಡುತ್ತಿದ್ದ. ಅಲ್ಲಿ ದುಡ್ಡಿಟ್ಟು ಆಡಿದರೆ ಕಾರ್ಯದರ್ಶಿ ಬಾಗಿಲು ತೋರಿಸುತ್ತಿದ್ದ, ಹಾಗಾಗಿ ಪಣಕ್ಕೆ ಶೇಂಗಾ. ಗೆದ್ದವನು ತಿನ್ನುತ್ತಾನೆ, ಸೋತವನು ನೋಡುತ್ತಾನೆ.

ಮೇಜಿಗೆ ಹೋಗುವ ಹಿಂದಿನ ಭಾನುವಾರ ಮಧ್ಯಾಹ್ನ ಮಂದಾಕಿನಿ ತವರಿಗೆ ಬಂದಳು. ಕೇಂದ್ರದಿಂದ ಹಳೆಯದೊಂದು ನಾಡಿದೀಪ ತಂದಿದ್ದಳು. ಹಾಗೆ ತರಬಾರದಿತ್ತು. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಮೂವರೂ ಕೂತರು. ಮಧ್ಯೆ ಇಪ್ಪತ್ತೆರಡು ಶೇಂಗಾ. ಬಸಲಿಂಗವ್ವನಿಗೆ ಶೇಂಗಾ ಮುಟ್ಟಬಾರದೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಅವಳು ಅವನ್ನು ಎಣಿಸಿ ಇಡುವಾಗ ಒಂದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ್ದನ್ನು ಮಗಳು ಗಮನಿಸಿದಳು.

“ಕೊನೀ ಕುರ್ಚಿ ಸಿಕ್ರ ಬಿಡಬ್ಯಾಡ ಅಪ್ಪಾ,” ಎಂದಳು ಮಂದಾಕಿನಿ. “ಎಲ್ಲಾರೂ ಮಾತಾಡಿದ ಮ್ಯಾಲೆ ನೀ ಮಾತಾಡಬೇಕು. ಅವರು ಏನ್ ಇಟ್ರು ಅಂತ ನೋಡಿ ನೀ ಇಡ್ತಿ. ಇಟ್ಟಿದ್ದು ಹೋತು ಅಂತ ತಿಳ್ಕೊ. ಅದನ್ನ ವಾಪಸ್ ತರಾಕ ಹೋಗಿ ಮತ್ತಷ್ಟು ಕಳ್ಕೋಬ್ಯಾಡ. ಚಲೋ ಅಂಕಿ ಬಂದ್ರ ಸ್ವಲ್ಪ ಸ್ವಲ್ಪ ಇಡಬ್ಯಾಡ, ಹಗೂರಕ ಇಟ್ರ ನಾಲ್ಕೂ ಮಂದಿ ಕುಂಡ್ರತಾರ. ಜೋರ್ ಇಡು, ಏಳೋರು ಏಳಲಿ.”

“ಅಂಕಿ ಬಂದ್ರಲ್ಲ,” ಎಂದ ಅಡಿವೆಪ್ಪ.

ಬಸಲಿಂಗವ್ವ ಕಾಗದದ ತುಂಡುಗಳ ಮೇಲೆ ಅಂಕಿ ಬರೆದು ಕೊಟ್ಟಳು. ಅಡಿವೆಪ್ಪ ಕನ್ನಡಕ ಏರಿಸಿ ನೋಡಿ ಶೇಂಗಾ ಮುಂದೆ ತಳ್ಳಿದ. ಎಪ್ಪತ್ತು ಬಂದಾಗ ದೀಪ ಹಸಿರು. ಹನ್ನೆರಡು ಬಂದಾಗ, ಮುಖವನ್ನು ಕಲ್ಲು ಮಾಡಿಕೊಂಡು ಏರಿಸಿದರೂ, ದೀಪ ಕುಂಕುಮದ ಹಾಗೆ ಕೆಂಪಾಯಿತು. ಇಪ್ಪತ್ತು ಬಂದರೂ ಅದೇ, ಐದು ಬಂದರೂ ಅದೇ.

“ಈ ದೀಪಾ ಯಾಕ ಬೇಕು,” ಎಂದು ಬಸಲಿಂಗವ್ವ ನಕ್ಕಳು. “ನಲವತ್ತ ವರ್ಷ ಆತು, ನಿಮ್ಮ ಮಾರಿ ನಾ ಹಂಗ ಓದತೇನಿ.”

ಮಂದಾಕಿನಿಗೆ ನಗು ಬರಲಿಲ್ಲ. ತಾಯಿಯ ಪಾದಗಳು ಊದಿದ್ದವು, ಸೀರೆಯ ಅಂಚಿನ ಕೆಳಗೆ ಕಾಲ್ಗೆಜ್ಜೆಯ ಗುರುತು ಹಳ್ಳ ಬಿದ್ದಿತ್ತು. ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

“ನೀ ಚೀಟಿ ನೋಡದಿದ್ರನ ಚಲೋ ಬಿಡಪಾ,” ಎಂದುಬಿಟ್ಟಳು.

ಅಡಿವೆಪ್ಪನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. “ಕ್ಲಬ್ಬಿನ್ಯಾಗ ಹಂಗ ಆಡೋದು ಐತಿ,” ಎಂದ ನಿಧಾನವಾಗಿ. “ಎಲಿ ಎತ್ತಿ ನೋಡೂದಿಲ್ಲ. ನೋಡದನ ಇಡ್ತಾ ಹೋಗೂದು. ನೋಡಿದವನಿಗೇ ಅಂಜಿಕಿ ಬರ್ತೈತಿ.”

“ಅದು ಶೇಂಗಾದ ಆಟ,” ಎಂದು ಮಂದಾಕಿನಿ ಮಾತು ಮುಗಿಸಿ ರೊಟ್ಟಿ ಬಡಿಯಲು ಎದ್ದಳು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೇಜು. ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕೂರುವ ಪಾಳಿ ಮಂದಾಕಿನಿಯದಾಗಿತ್ತು. ನೆಂಟರು ಮೇಜಿಗೆ ಬಂದರೆ ಸಿಬ್ಬಂದಿ ಏಳಬೇಕೆಂಬ ನಿಯಮವಿತ್ತು. ಅವಳದು ಗಂಡನ ಮನೆಯ ಅಡ್ಡಹೆಸರು, ಗೊತ್ತಿದ್ದವನು ಜೊತೆಗೆ ಕೆಲಸ ಮಾಡುವ ಇಮ್ತಿಯಾಜ್ ಒಬ್ಬನೇ.

“ನಾ ಕುಂಡ್ರತೇನ್ರೀ ಮೇಡಂ, ನೀವು ಚಾ ಕುಡದ ಬರ್ರಿ,” ಎಂದ ಅವನು.

“ಇರ್ಲಿ ಬಿಡ್ರಿ. ತೊಟ್ಟಿ ಕಡೆ ನೋಡ್ರಿ,” ಎಂದಳು. ಅವನು ಒಂದು ಗಳಿಗೆ ನಿಂತು, ಹೋದ.

ಪರದೆಯ ಮೇಲೆ ನಾಲ್ಕೂ ಅಂಕಿಗಳು ಅವಳಿಗೆ ಕಾಣುತ್ತಿದ್ದವು. ರೋಣದಿಂದ ಬಂದ ಮಾಸ್ತರರದು ಇಪ್ಪತ್ತೊಂದು. ಕುಂದಗೋಳದ ಯುವಕನದು ಮೂವತ್ತೆಂಟು. ಮೂರನೆಯ ಕುರ್ಚಿಯಲ್ಲಿ ನಾಗರತ್ನ ಹಡಪದ, ಅಣ್ಣಿಗೇರಿಯ ಅಂಗನವಾಡಿ ಕಾರ್ಯಕರ್ತೆ, ತಂಗಿಗಾಗಿ ಬಂದವಳು. ಅವಳದು ಎಂಬತ್ತಾರು. ಕೊನೆಯ ಕುರ್ಚಿಯಲ್ಲಿ ಅಡಿವೆಪ್ಪ. ಅವನದು ಹದಿನಾಲ್ಕು.

ಹದಿನಾಲ್ಕನ್ನು ನೋಡಿ ಮಂದಾಕಿನಿ ಉಸಿರು ಬಿಟ್ಟಳು. ಅವ್ವನಿಗೆ ಇದುವರೆಗೆ ಬಂದದ್ದರಲ್ಲಿ ಇದೇ ದೊಡ್ಡದು. ಆದರೂ ಅಪ್ಪ ಈಗ ಏಳುತ್ತಾನೆ, ಎರಡು ಹೋಗುತ್ತವೆ, ಇಪ್ಪತ್ತು ಉಳಿಯುತ್ತವೆ, ಇನ್ನೊಂದು ಕರೆಗೆ ಹತ್ತು ವಾರ. ಅವಳು ಅಷ್ಟಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡಳು.

ಅಡಿವೆಪ್ಪ ಚೀಟಿ ಬಿಚ್ಚಿ ಮುಖದ ಮುಂದೆ ಹಿಡಿದ. ಎಲ್ಲರ ಹಾಗೆ ಬಗ್ಗಿ, ಎಲ್ಲರಷ್ಟೇ ಹೊತ್ತು ಹಿಡಿದು, ಮಡಿಸಿ ಕೆಳಗಿಟ್ಟ. ದೀಪ ಅಲುಗಲಿಲ್ಲ. ಮಂದಾಕಿನಿ ಚಿತ್ರವನ್ನು ಹತ್ತಿರಕ್ಕೆ ತಂದಳು. ಕನ್ನಡಕ ಅಂಗಿಯ ಜೇಬಿನಲ್ಲಿತ್ತು. ಕನ್ನಡಕವಿಲ್ಲದೆ ಅವನಿಗೆ ಪತ್ರಿಕೆಯ ತಲೆಬರಹವೂ ಕಾಣುತ್ತಿರಲಿಲ್ಲ. ಅದು ಆ ಕೊಠಡಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಯಂತ್ರಕ್ಕೂ ಗೊತ್ತಿರಲಿಲ್ಲ. ಚೀಟಿ ಬಿಚ್ಚಿದ ಮೇಲೆ ಮನುಷ್ಯ ಅದನ್ನು ಓದಿಯೇ ಓದುತ್ತಾನೆ ಎಂದು ಯಂತ್ರ ಮಾಡಿದವರು ನಂಬಿದ್ದರು.

ಮಾಸ್ತರರು ಎದ್ದರು. ಯುವಕ ಎರಡು ಸೇರಿಸಿ, ನಾಗರತ್ನ ಆರಕ್ಕೆ ಏರಿಸಿದ ಕೂಡಲೇ ಎದ್ದ. ನಾಗರತ್ನಳ ದೀಪ ಹಸಿರಾಗಿತ್ತು.

“ಹತ್ತು,” ಎಂದ ಅಡಿವೆಪ್ಪ. ಅವನ ದೀಪವೂ ಹಸಿರು.

ನಾಗರತ್ನ ಹತ್ತಕ್ಕೆ ಸರಿಗಟ್ಟಿದಳು. ಅಡಿವೆಪ್ಪ ರೈಲು ಬಿಡುವ ಮುಂಚೆ ಪ್ಲಾಟ್‌ಫಾರ್ಮಿನ ಆಚೆ ಈಚೆ ನೋಡುವಂತೆ ನೋಡಿ, “ಇರೋದೆಲ್ಲಾ. ಇಪ್ಪತ್ತೆರಡು,” ಎಂದ.

ದೀಪ ಹಸಿರೇ ಇತ್ತು. ಬೇಕಿದ್ದರೆ ಅದು ಇನ್ನೂ ತಣ್ಣಗಾಗಿತ್ತು ಎನ್ನಬಹುದು. ತನಗೆ ಗೊತ್ತಿಲ್ಲದ್ದನ್ನು ಎದೆ ಹೇಗೆ ಹೇಳೀತು? ನೋಡಿದವನಿಗೆ ಭಯವಿರುತ್ತದೆ ಅಥವಾ ಆಸೆ ಇರುತ್ತದೆ. ಅಡಿವೆಪ್ಪ ಎರಡನ್ನೂ ಮಡಿಸಿ ಚೀಟಿಯೊಳಗೇ ಬಿಟ್ಟಿದ್ದ.

ಮಂದಾಕಿನಿಯ ಬಲಗೈಯ ಹತ್ತಿರ ಹಳದಿ ಗುಂಡಿಯೊಂದಿತ್ತು. ಆಟಗಾರನಿಗೆ ಮೈ ಸರಿಯಿಲ್ಲದಿದ್ದರೆ, ಆಟ ತಿಳಿಯದೆ ಆಡುತ್ತಿದ್ದರೆ ಅದನ್ನು ಒತ್ತಬೇಕು. ಒತ್ತಿದರೆ ಮೇಜು ರದ್ದು. ಎಲ್ಲರ ಪಣ ಎಲ್ಲರಿಗೆ ವಾಪಸ್ಸು, ಕಿಡ್ನಿ ದೊಡ್ಡ ಅಂಕಿಯವರಿಗೆ. ನಾಗರತ್ನಳ ತಂಗಿ ಬದುಕುತ್ತಾಳೆ, ಅವ್ವನಿಗೆ ಇಪ್ಪತ್ತೆರಡೂ ಉಳಿಯುತ್ತವೆ. ಉಳಿದು ಏನು? ಹನ್ನೊಂದು ವಾರವಾದ ಮೇಲೆ ಇನ್ನೊಂದು ಒಂಬತ್ತೋ ಆರೋ ಬಂದು ಕೂರುತ್ತದೆ. ಹದಿನಾಲ್ಕರಲ್ಲಿ ಬದುಕಿದವರಿದ್ದರು. ಮೂವತ್ತು ಜನರಲ್ಲಿ ಇಬ್ಬರು. ಆ ಇಬ್ಬರ ಹೆಸರೂ ಅವಳಿಗೆ ಗೊತ್ತಿತ್ತು, ಅವನ್ನು ಅವಳು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು.

ಪರದೆಯಲ್ಲಿ ನಾಗರತ್ನ ಚೀಲದಿಂದ ಪುಸ್ತಿಕೆ ತೆಗೆದು ಒಂದು ಪುಟ ಬಿಚ್ಚಿದಳು. ಅದು ಯಾವ ಪುಟ ಎಂದು ಮಂದಾಕಿನಿಗೆ ಅಕ್ಷರ ಕಾಣದಿದ್ದರೂ ಗೊತ್ತಾಯಿತು. ‘ಎದುರಿನವರ ದೀಪ ಹಸಿರಾಗಿದ್ದು ಪಣ ಏರುತ್ತಿದ್ದರೆ, ನಿಮ್ಮ ಅಂಕಿ ತೊಂಬತ್ತಕ್ಕಿಂತ ಕಡಿಮೆ ಇದ್ದರೆ, ಏಳಿ. ಉಳಿದದ್ದನ್ನು ಮುಂದಿನ ಕರೆಗೆ ಕಾಪಾಡಿಕೊಳ್ಳಿ.’ ಆ ವಾಕ್ಯವನ್ನು ಸರಳ ಮಾಡಲು ಅವಳು ಒಂದು ಸಂಜೆಯೆಲ್ಲ ಕೂತಿದ್ದಳು.

ನಾಗರತ್ನಳ ಹತ್ತಿರ ಇಪ್ಪತ್ತಾರಿತ್ತು. ಸರಿಗಟ್ಟಿ ಸೋತರೆ ತಂಗಿಗೆ ಉಳಿಯುವುದು ನಾಲ್ಕು. ಎದ್ದರೆ ಹದಿನಾರು. ಅವಳು ಮುದುಕನ ದೀಪವನ್ನು ನೋಡಿದಳು, ಪುಟವನ್ನು ನೋಡಿದಳು, ಎದ್ದಳು.

ಮಂದಾಕಿನಿಯ ಕೈ ಗುಂಡಿಯ ಪಕ್ಕದಲ್ಲೇ ಇತ್ತು. ಅವಳು ಒತ್ತಲಿಲ್ಲ. ಚೀಟಿಗಳು ತೆರೆಯದೆ ಮೇಜಿನ ಸೀಳಿನೊಳಗೆ ಬಿದ್ದು ಪುಡಿಯಾದವು.

ಅರ್ಧ ಗಂಟೆಯ ಮೇಲೆ ನಾಗರತ್ನ ಪಟ್ಟಿ ಹಿಂದಿರುಗಿಸಲು ಕಿಟಕಿಗೆ ಬಂದಳು. ಎದುರಿಗೆ ಮಂದಾಕಿನಿ ಇದ್ದಳು.

“ನನ್ನದು ಎಂಬತ್ತಾರಿತ್ತ್ರೀ,” ಎಂದಳು ನಾಗರತ್ನ ಮೆಲ್ಲಗೆ. “ಹೇಳಬಾರದೇನೋ. ಆ ಅಜ್ಜಾರದು ಅದಕ್ಕಿಂತ ಹೆಚ್ಚ ಇದ್ದಿರಬೇಕು. ನಾ ಎದ್ದಿದ್ದು ಬರೋಬ್ಬರಿ ಆತಲ್ರೀ?”

“ಬರೋಬ್ಬರಿ ಮಾಡೀರಿ,” ಎಂದಳು ಮಂದಾಕಿನಿ.

ಮರುದಿನವೇ ಶಸ್ತ್ರಚಿಕಿತ್ಸೆ ಆಯಿತು. ಮೂರನೆಯ ದಿನ ಹೊಸ ಕಿಡ್ನಿ ಕೆಲಸ ಶುರುಮಾಡಿತು. ಹಾಸಿಗೆಗೆ ತೂಗುಹಾಕಿದ ಚೀಲದಲ್ಲಿ ಬಂಗಾರದ ಬಣ್ಣದ ನೀರು ತುಂಬಿದ್ದನ್ನು ಅಡಿವೆಪ್ಪ ಬಂದವರಿಗೆಲ್ಲ ಎದ್ದು ತೋರಿಸುತ್ತಿದ್ದ. ಹತ್ತನೆಯ ದಿನ ಮನೆಗೆ ಕಳಿಸಿದರು. ಊದಿದ ಪಾದ ಇಳಿದಿತ್ತು. ಬಸಲಿಂಗವ್ವ ಕೇಳಿದ್ದು ಒಂದೇ, ಬಿಸಿ ರೊಟ್ಟಿ ಮತ್ತು ಶೇಂಗಾ ಹಿಂಡಿ. ಮಂದಾಕಿನಿ ತಾನೇ ಹುರಿದು ಕುಟ್ಟಿ ಮಾಡಿಕೊಟ್ಟಳು. ಅವ್ವ ಬೆರಳು ಚೀಪುತ್ತ ತಿನ್ನುವುದನ್ನು ನೋಡುತ್ತ ಕೂತಾಗ, ಮೂವತ್ತರಲ್ಲಿ ಮೂರನೆಯವಳು ಇವಳೇ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಅಣ್ಣಿಗೇರಿಯ ನೆನಪು ಆ ಎರಡು ದಿನ ಬರಲಿಲ್ಲ. ಅದಕ್ಕಾಗಿ ಆಮೇಲೆ ಅವಳು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಹನ್ನೆರಡನೆಯ ದಿನ ಜ್ವರ ಬಂತು, ಮತ್ತೆ ಆಸ್ಪತ್ರೆಗೆ ಸೇರಿಸಿದರು. ಹದಿಮೂರನೆಯ ದಿನ ಚೀಲದ ನೀರು ಕಂದಾಗಿ, ನಿಂತಿತು. ಕಿಡ್ನಿಯನ್ನು ತೆಗೆದು ಹಾಕಿದರು. ಮತ್ತೆ ಹೆಸರು ಬರೆಸಬಹುದಿತ್ತು. ಹೊಸ ನೂರು ಮಂಜೂರಾಗಲು ನಾಲ್ಕು ತಿಂಗಳು ಬೇಕಿತ್ತು. ಹಳೆಯ ಇಪ್ಪತ್ತೆರಡರಲ್ಲಿ ಒಂದನ್ನಾದರೂ ತಿರುಗಿ ಕೊಡಿ ಎಂದು ಮಂದಾಕಿನಿ ಮೇಲಧಿಕಾರಿಯ ಕೋಣೆಯಲ್ಲಿ ನಿಂತು ಕೇಳಿದಳು. ಆತ ಕೆಟ್ಟವನಲ್ಲ, ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ಆ ದಿನ ಪಾಳಿ ಯಾರದಿತ್ತು ಎಂದು ಕೇಳಲಿಲ್ಲ, ಗೆದ್ದವರಿಗೆ ತಿರುಗಿ ಕೊಡುವ ಪದ್ಧತಿ ಇಲ್ಲ ಎಂದ. ಅದು ಅವಳಿಗೂ ಗೊತ್ತಿತ್ತು, ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿ ಅವಳೇ ಬರೆದಿದ್ದಳು. ಬಸಲಿಂಗವ್ವ ಆರು ದಿನ ಇದ್ದಳು. ಕೊನೆಯ ಎರಡು ದಿನ ಯಾರ ಗುರುತೂ ಹತ್ತಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ, ಬೆಳಿಗ್ಗೆ ಚಹಾದ ಹೊತ್ತಿಗೆ, ಅಡಿವೆಪ್ಪ ಮಗಳನ್ನು ಹತ್ತಿರ ಕರೆದ.

“ಮಂದಾ, ಅವತ್ತು ಚೀಟಿಯೊಳಗ ಎಷ್ಟಿತ್ತವ್ವಾ?”

“ಗೊತ್ತಿಲ್ಲಪಾ. ಚೀಟಿ ಅಲ್ಲೇ ಪುಡಿ ಆಗತೈತಿ.”

ಅವನು ತಲೆದೂಗಿದ. “ಚಲೋನ ಇದ್ದಿರಬೇಕು. ಹಣೇಬಾರ ನಮ್ಮದು, ಹೊಂದಲಿಲ್ಲ,” ಎಂದ. ಚಹಾ ಆರುತ್ತಿತ್ತು. ಆಮೇಲೆ ಅವಳ ಕೈ ಹಿಡಿದು ಹೇಳಿದ: “ನೀ ಹೇಳಿದ್ದಕ್ಕ ಗೆದ್ನಿ ನೋಡು. ನೋಡದಿದ್ರನ ಚಲೋ ಅಂದಿದ್ದಿ. ನೋಡಿದ್ರ ನಾ ಎದ್ದ ಬರತಿದ್ನಿ. ನಿಮ್ಮವ್ವ ಎರಡ ದಿನಾ ಶೇಂಗಾ ಹಿಂಡಿ ತಿಂದ ಹೋದಳು.”

ಮಂದಾಕಿನಿಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುವವರೆಗೆ ಅವನು ಹಾಗೇ ಹಿಡಿದುಕೊಂಡಿದ್ದ.

ಆ ತಿಂಗಳಲ್ಲಿ ಕೇಂದ್ರದೊಳಗೆ ಒಂದು ವರದಿ ಓಡಾಡಿತು. ಹಸಿರು ದೀಪದ ಗೆಲುವು, ಹದಿನಾಲ್ಕರ ಅಂಕಿ, ಹಾಗಾದರೆ ಪಟ್ಟಿ ಕೆಟ್ಟಿದೆಯೇ ಎಂದು ತಂತ್ರಜ್ಞರು ತಲೆ ಕೆಡಿಸಿಕೊಂಡರು. ಪಟ್ಟಿ ಕೆಟ್ಟಿರಲಿಲ್ಲ. ಆಟಗಾರ ಚೀಟಿ ಓದದೆ ಆಡಿರಬಹುದು ಎಂದು ಮಂದಾಕಿನಿ ಒಂದು ಸಾಲು ಬರೆದು ಕಳಿಸಿದಳು, ಅದು ತನಗೆ ಹೇಗೆ ಹೊಳೆಯಿತು ಎಂದು ಬರೆಯಲಿಲ್ಲ. ಪುಸ್ತಿಕೆಯಲ್ಲಿ ಒಂದು ಮಾತು ಸೇರಿಸಿ ಎಂದು ಆದೇಶ ಬಂತು. ಸೇರಿಸಿದಳು. ಹೊಸ ಮುದ್ರಣ ಕಿಟಕಿಯ ಮುಂದೆ ಕಟ್ಟು ಕಟ್ಟಾಗಿ ಬಂದು ಕೂತಿತು.

ಮೇಜು ನಡೆದು ಹತ್ತು ವಾರ ತುಂಬುವ ಸೋಮವಾರ ನಾಗರತ್ನ ಬಂದಳು. ಕರೆ ಬಂದಿದೆ ಎಂದುಕೊಂಡು ಮಂದಾಕಿನಿ ಪಟ್ಟಿ ತೆಗೆಯಲು ಬಗ್ಗಿದಳು. ನಾಗರತ್ನ ತಂಗಿಯ ನೋಂದಣಿ ಕಾರ್ಡನ್ನು ಕಿಟಕಿಯೊಳಗೆ ಸರಿಸಿದಳು.

“ಇದನ್ನ ತಿರುಗಿ ಕೊಡಬೇಕಂತಲ್ರೀ. ಹದಿನಾರು ಮುಗದ ಐದನೇ ದಿನ ಹೋದಳು. ಮೇಜಿಗೆ ಕರದ ಕಾಗದ ಮರುದಿನ ಬಂತು.”

ಮಂದಾಕಿನಿ ಕಾರ್ಡನ್ನು ತೆಗೆದುಕೊಂಡಳು. ರಸೀದಿ ಬರೆಯಬೇಕಿತ್ತು, ಪೆನ್ನು ಹಿಡಿದರೂ ಬರೆಯಲಿಲ್ಲ. ನಾಗರತ್ನ ಕಾಯುತ್ತ, ಮುಂದಿದ್ದ ಕಟ್ಟಿನಿಂದ ಹೊಸ ಪುಸ್ತಿಕೆಯೊಂದನ್ನು ಸುಮ್ಮನೆ ಎತ್ತಿ ಬಿಚ್ಚಿದಳು. ಹಳೆಯದು ಅವಳಿಗೆ ಬಾಯಿಪಾಠವಾಗಿತ್ತು, ಹೊಸ ಸಾಲು ತಟ್ಟನೆ ಕಣ್ಣಿಗೆ ಬಿತ್ತು. ಅಂಗನವಾಡಿಯ ಮಕ್ಕಳಿಗೆ ಓದಿ ಹೇಳುವ ದನಿಯಲ್ಲಿ ಅವಳು ಅದನ್ನು ಓದಿದಳು.

“‘ಚೀಟಿಯಲ್ಲಿರುವ ಅಂಕಿಯನ್ನು ನೋಡದೆ ಪಣ ಇಡಬೇಡಿ.’” ಅವಳು ತಲೆ ಎತ್ತಿದಳು. “ಇದನ್ನ ಯಾಕ ಬರದಾರ್ರೀ? ನೋಡದನ ಆಡೋರು ಯಾರರೆ ಇರ್ತಾರೇನ್ರೀ?”

ಹಿಂದೆ ಸಾಲಿನಲ್ಲಿ ಇನ್ನೂ ನಾಲ್ಕಾರು ಜನ ನಿಂತಿದ್ದರು. ಮಂದಾಕಿನಿ ಪೆನ್ನು ಕೆಳಗಿಟ್ಟಳು.

“ನಮ್ಮಪ್ಪ,” ಎಂದಳು. “ನಿಮ್ಮ ಎದುರಿಗೆ ಕೊನೀ ಕುರ್ಚಿಯೊಳಗ ಕುಂತಿದ್ರಲ್ಲ, ಅವರು. ಅವರಿಗೆ ಬಂದಿದ್ದು ಹದಿನಾಲ್ಕು. ನಮ್ಮವ್ವನೂ ಉಳೀಲಿಲ್ಲ.”

ನಾಗರತ್ನ ಹೊಸ ಸಾಲನ್ನು ಇನ್ನೊಮ್ಮೆ ನೋಡಿದಳು. ಅವಳ ಕೈಯಲ್ಲಿದ್ದ ಪುಸ್ತಿಕೆ ತಾನಾಗಿ ಮಡಚಿಕೊಂಡಿತು. ಕೊನೆಗೆ ಕೇಳಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಬಯಕೆಯಷ್ಟೇ ಇತ್ತು.

“ಆ ಅಜ್ಜಾರು ನೋಡಲಿಲ್ಲ, ಆತು. ನೀವು ಎಲ್ಲಿದ್ರಿ?”

“ಒಳಗಿದ್ನಿ,” ಎಂದಳು ಮಂದಾಕಿನಿ. “ನಾ ಎರಡೂ ಚೀಟಿ ನೋಡಿದ್ನಿ.”